ತೂಬಿಲ್ಲದ ಕಟ್ಟೆ: ಮುಲ್ಲಪೆರಿಯಾರ್ ಕೆಡವುವ ಮಾತಿಗೆ ಮೊದಲು

ಕೇರಳದ ನೆಲದಲ್ಲಿದ್ದು ತಮಿಳುನಾಡು ನಡೆಸುವ ಮುಲ್ಲಪೆರಿಯಾರ್ ಅಣೆಕಟ್ಟು ಪ್ರತಿ ಮಳೆಗಾಲದಲ್ಲೂ ಪತ್ರಿಕೆಗೆ ಬರುವುದು ಒಂದು ಅಂಕಿಯ ರೂಪದಲ್ಲಿ. 136 ಅಡಿ ದಾಟಿತು, 139 ಆಯಿತು, 142 ಮುಟ್ಟಿತು. ಕೇರಳದ ಕಡೆಯಿಂದ ಹಳೆಯದನ್ನು ಕೆಡವಿ ಹೊಸದು ಕಟ್ಟಿ ಎಂಬ ಕೂಗು. ತಮಿಳುನಾಡಿನ ಕಡೆಯಿಂದ ಕಟ್ಟೆ ಗಟ್ಟಿಯಾಗಿದೆ, 152ಕ್ಕೆ ಏರಿಸಲು ಬಿಡಿ ಎಂಬ ಪಟ್ಟು. ಇಷ್ಟು ವರ್ಷದ ಜಗಳದಲ್ಲಿ ಹೆಚ್ಚು ಯಾರೂ ಎತ್ತದ ಅಂಕಿ ಒಂದಿದೆ: 104. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ನಮ್ಮ ಕಡೆ ಕೆರೆ ಅಂದರೆ ಮೂರು ಅಂಗ: ಏರಿ, ಕೋಡಿ, ತೂಬು. ಏರಿ ನೀರು ತಡೆಯುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹರಿದುಹೋಗುತ್ತದೆ, ಬೇಕಾದಾಗ ಬೇಕಾದಷ್ಟು ಬಿಡಲು ತಳದಲ್ಲಿ ತೂಬು. ಏರಿಯಲ್ಲಿ ಬಿರುಕು ಕಂಡರೆ ನೀರುಗಂಟಿ ಮೊದಲು ಮಾಡುವ ಕೆಲಸ ತೂಬು ಎತ್ತುವುದು. ಮುಲ್ಲಪೆರಿಯಾರ್‌ಗೆ ಏರಿ ಇದೆ, 13 ಗೇಟುಗಳ ಕೋಡಿ ಇದೆ. ಪೆರಿಯಾರ್ ನದಿಗೆ ಇಳಿಯುವ ತೂಬು ಇಲ್ಲ.

ಬಿಡಿಸಿ ಹೇಳುತ್ತೇನೆ. ಇಡುಕ್ಕಿ ಜಿಲ್ಲೆಯಲ್ಲಿ ಮುಲ್ಲಯಾರ್ ಹೊಳೆ ಪೆರಿಯಾರ್ ಸೇರುವಲ್ಲಿ 1895ರಲ್ಲಿ ಮುಗಿದ ಈ ಕಟ್ಟೆಯ ಉದ್ದೇಶವೇ ವಿಚಿತ್ರ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರಬೇಕಾದ ನೀರನ್ನು ಘಟ್ಟ ಕೊರೆದು ಪೂರ್ವಕ್ಕೆ, ವೈಗೈ ಕಣಿವೆಗೆ ತಿರುಗಿಸುವುದು. ಹಾಗಾಗಿ ನೀರು ಹೊರಬೀಳುವ ಮುಖ್ಯ ದಾರಿ ಕಟ್ಟೆಯಲ್ಲಿಲ್ಲ, ದೂರದ ತೇಕ್ಕಡಿಯ ಸುರಂಗದಲ್ಲಿದೆ. ಆ ಸುರಂಗದ ಬಾಯಿಯ ತಳಮಟ್ಟ 104 ಅಡಿ. ಇಲ್ಲಿನ ಅಡಿಗಳನ್ನೆಲ್ಲ ಅಣೆಕಟ್ಟಿನ ಬುಡದಲ್ಲಿ ನದಿಯ ತಳದಿಂದ ಅಳೆಯುತ್ತಾರೆ. ಕೋಡಿಯ ತಲೆಮಟ್ಟ 136 ಅಡಿ, ಅದರ ಮೇಲೆ 16 ಅಡಿ ಎತ್ತರದ ಗೇಟುಗಳು. ಮುಚ್ಚಿದರೆ 152 ಅಡಿವರೆಗೆ ನಿಲ್ಲಿಸಬಹುದು. ಅಂದರೆ 136ಕ್ಕಿಂತ ಕೆಳಗಿರುವ ಒಂದು ಹನಿಯನ್ನೂ ಪೆರಿಯಾರ್ ನದಿಗೆ ಬಿಡಲಾಗದು. 136ರಿಂದ 104ರವರೆಗಿನದು ಸುರಂಗದಿಂದ ಮಾತ್ರ ಹೋಗಬೇಕು. 104ರ ಕೆಳಗಿನದು ಎಲ್ಲಿಗೂ ಹೋಗುವುದಿಲ್ಲ.

ಜಲಾಶಯದ ಒಟ್ಟು ಸಂಗ್ರಹ 152 ಅಡಿಗೆ ಸುಮಾರು 15.6 ಟಿಎಂಸಿ. ಬಳಸಬಹುದಾದದ್ದು 10.5. ಉಳಿದ 5 ಟಿಎಂಸಿ ಚಿಲ್ಲರೆ 1895ರಿಂದ ಅಲ್ಲೇ ಕೂತಿದೆ. ಅದು ಸಣ್ಣ ಮೊತ್ತವಲ್ಲ. ಥೇಣಿ ಜಿಲ್ಲೆಯ ವೈಗೈ ಅಣೆಕಟ್ಟು ತುಂಬಿದರೆ ಹಿಡಿಯುವುದು ಸುಮಾರು 6.

ಈಗ ಒಂದು ಒರಟು ಲೆಕ್ಕ. ಮಟ್ಟ 142 ಅಡಿ ಇದ್ದಾಗ ಸುರಂಗದ ಬಾಯಿಯ ಮೇಲಿರುವ ನೀರು ಸುಮಾರು 7.6 ಟಿಎಂಸಿ, 136 ಅಡಿಯಲ್ಲಿ ಸುಮಾರು 6.1. ಸುರಂಗ ತುಂಬಿ ಹರಿದರೂ 2,000 ಕ್ಯುಸೆಕ್‌ಗಿಂತ ತುಸು ಮೇಲೆ. 2,000 ಕ್ಯುಸೆಕ್ ಇಡೀ ದಿನ ಹರಿದರೆ 0.17 ಟಿಎಂಸಿ. ಅಣೆಕಟ್ಟಿನಲ್ಲಿ ಏನೋ ಕೆಟ್ಟದ್ದು ಕಂಡಿತು, ತಕ್ಷಣ ಖಾಲಿ ಮಾಡಬೇಕು ಅಂದುಕೊಳ್ಳಿ. 142ರಿಂದ 136ಕ್ಕೆ ಗೇಟು ಎತ್ತಿ ಇಳಿಸಬಹುದು. ಅಲ್ಲಿಂದ 104ಕ್ಕೆ ಇಳಿಯಲು, ಒಂದು ಹನಿಯೂ ಒಳಗೆ ಬರದಿದ್ದರೆ, ಮೂವತ್ತೈದು ದಿನ. ಮಟ್ಟ ಇಳಿದಂತೆ ಸುರಂಗದ ಹರಿವೂ ಕುಗ್ಗುವುದರಿಂದ ಇನ್ನೂ ಹೆಚ್ಚು. ಜುಲೈ ಆಗಸ್ಟ್‌ನಲ್ಲಿ ಒಳಹರಿವೇ ಹತ್ತು ಸಾವಿರ ಕ್ಯುಸೆಕ್ ದಾಟುವ ದಿನಗಳಿರುತ್ತವೆ. ಆಗ ಇಳಿಸುವ ಮಾತೇ ಇಲ್ಲ. ಇಷ್ಟೆಲ್ಲ ಆಗಿ 104ಕ್ಕೆ ಬಂದರೂ ಗೋಡೆಯ ಹಿಂದೆ 32 ಮೀಟರ್ ನೀರು ನಿಂತೇ ಇರುತ್ತದೆ.

ಉಳಿಸುವವರಿಗೂ ಕೆಡವುವವರಿಗೂ ಇದೇ ತೊಡಕು. ಖಾಲಿ ಮಾಡಲಾಗದ್ದನ್ನು ಸರಿಯಾಗಿ ರಿಪೇರಿ ಮಾಡಲೂ ಆಗದು, ಕೆಡವಲೂ ಆಗದು.

ಕಟ್ಟೆ ಹಳೆಯದು, ಸುಣ್ಣದ್ದು, ಆದ್ದರಿಂದ ಬೀಳುತ್ತದೆ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಸುರ್ಕಿ ಅಂದಾಕ್ಷಣ ಮೂಗು ಮುರಿಯುವವರು ಒಮ್ಮೆ ಕೆಆರ್‌ಎಸ್ ಕಡೆ ನೋಡಲಿ. ಅದೂ ಸುರ್ಕಿ ಗಾರೆಯದೇ. ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿದರೆ ನೀರೊಳಗೂ ಗಟ್ಟಿಯಾಗುತ್ತದೆ, ದಶಕಗಟ್ಟಲೆ ನಿಧಾನವಾಗಿ ಬಲ ಪಡೆಯುತ್ತ ಹೋಗುತ್ತದೆ. ಮುಲ್ಲಪೆರಿಯಾರ್‌ನ ಮುಂದು ಹಿಂದಿನ ಮುಖಗಳು ಕಲ್ಲುಕಟ್ಟಡ, ಒಡಲು ಸುಣ್ಣ-ಸುರ್ಕಿ ಕಾಂಕ್ರೀಟು. 53.6 ಮೀಟರ್ ಎತ್ತರ, 366 ಮೀಟರ್ ಉದ್ದ, ತಳದಲ್ಲಿ 42 ಮೀಟರ್ ದಪ್ಪ, ತಲೆಯಲ್ಲಿ 3.6. ತನ್ನ ತೂಕದಿಂದಲೇ ನಿಂತ ಗೋಡೆ. ಇಂಥ ಗೋಡೆಗೆ ವಯಸ್ಸಿಗಿಂತ ಹೆಚ್ಚು ಕಾಡುವುದು ಎರಡು: ಅಡಿಯಿಂದ ಮೇಲೆತ್ತುವ ನೀರಿನ ಒತ್ತಡ ಮತ್ತು ಸುಣ್ಣ ಕರಗಿಹೋಗುವುದು.

ಮೊದಲನೆಯದರ ಹಿಂದೆ ಒಂದು ಕಾಕತಾಳೀಯವಿದೆ. 1895ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೂಝೆ ಅಣೆಕಟ್ಟು ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಗೋಡೆಯ ಒಳಗೂ ಅಡಿಪಾಯದ ಕೆಳಗೂ ನುಸುಳಿದ ನೀರು ಗೋಡೆಯನ್ನು ಮೇಲಕ್ಕೆ ಒತ್ತುತ್ತದೆ, ಅಷ್ಟರಮಟ್ಟಿಗೆ ಗೋಡೆಯ ತೂಕ ಲೆಕ್ಕಕ್ಕಿಲ್ಲದಂತಾಗುತ್ತದೆ ಎಂಬ ಪಾಠ ಎಂಜಿನಿಯರುಗಳ ತಲೆಗೆ ಹತ್ತಿದ್ದು ಆ ಅಪಘಾತದಿಂದ. ಅದೇ ವರ್ಷ ಅಕ್ಟೋಬರ್ 10ರಂದು ಮದರಾಸಿನ ಗವರ್ನರ್ ವೆನ್‌ಲಾಕ್ ಮುಲ್ಲಪೆರಿಯಾರ್ ಉದ್ಘಾಟಿಸಿದ. ಇದನ್ನು ಕಟ್ಟಿದ ಎಂಜಿನಿಯರ್ ಪೆನ್ನಿಕ್ವಿಕ್ ಎಂಥ ಗಟ್ಟಿಗನೇ ಆಗಿರಲಿ (ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಇಂದಿಗೂ ಆತನಿಗೆ ಪೊಂಗಲ್ ಇಡುತ್ತಾರೆ), ಆತನ ವಿನ್ಯಾಸ ಮುಗಿದು ವರ್ಷಗಳಾದ ಮೇಲೆ ಬಂದ ಪಾಠ ಅದು. ಆದ್ದರಿಂದ ಮೂಲ ಕಟ್ಟೆಯೊಳಗೆ ನುಸುಳಿದ ನೀರನ್ನು ಬಸಿದು ಹೊರಹಾಕುವ ಓಣಿಯಿಲ್ಲ. ಇಂದು ಯಾವ ಅಣೆಕಟ್ಟನ್ನೂ ಹಾಗೆ ಕಟ್ಟುವುದಿಲ್ಲ.

136, 142, 152 ಎಂಬ ಜಗಳ ಬರೀ ಆರು ಅಡಿ, ಹತ್ತು ಅಡಿಯದು ಎಂದು ನಗುವವರಿಗಾಗಿ ಇನ್ನೊಂದು ಲೆಕ್ಕ. ನೀರು ಗೋಡೆಯನ್ನು ತಳ್ಳುವ ಬಲ ಆಳದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉರುಳಿಸುವ ತಿರುವು ಘನಕ್ಕೆ ತಕ್ಕಂತೆ. ಅತಿ ಆಳದ ಜಾಗದಲ್ಲಿ ಗೋಡೆಯ ಒಂದು ಮೀಟರ್ ಉದ್ದಕ್ಕೆ 136 ಅಡಿಯಲ್ಲಿ ಸುಮಾರು 860 ಟನ್ ತಳ್ಳು. 142ರಲ್ಲಿ 937. 152ರಲ್ಲಿ 1,073. ಅಂದರೆ 136ರಿಂದ 152ಕ್ಕೆ ಎತ್ತರ ಏರುವುದು ನೂರಕ್ಕೆ 12, ತಳ್ಳು ಏರುವುದು 25, ಉರುಳಿಸುವ ತಿರುವು ಹತ್ತಿರಹತ್ತಿರ 40. ಅದೇ 104 ಅಡಿಗೆ ಇಳಿಸಿದರೆ ತಳ್ಳು 502 ಟನ್. 50 ಅಡಿಗೆ ಇಳಿಸಲು ಸಾಧ್ಯವಾದರೆ 116. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ.

1979ರ ಆಗಸ್ಟ್‌ನಲ್ಲಿ ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. ಆ ಭಯ ಕೇರಳಕ್ಕೆ ಹರಡಿತು. ಮಚ್ಛುವಿನಲ್ಲಿ ಹೋದದ್ದು ಮಣ್ಣಿನ ಏರಿ, ಇಲ್ಲಿನದು ಕಲ್ಲುಗಾರೆ; ಹೋಲಿಕೆ ಸರಿಯಲ್ಲ, ಆದರೂ ಭಯದಿಂದ ಒಳ್ಳೆಯದೇ ಆಯಿತು. ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಎರಡೂ ರಾಜ್ಯಗಳನ್ನು ಕೂರಿಸಿಕೊಂಡು ಮಟ್ಟವನ್ನು 136ಕ್ಕೆ ಇಳಿಸಿ, ಮೂರು ಬಲವರ್ಧನೆ ಹೇಳಿತು: ತಲೆಯ ಮೇಲೆ ಕಾಂಕ್ರೀಟ್ ಟೋಪಿ, ಮೇಲಿಂದ ಬಂಡೆಯವರೆಗೆ ಉಕ್ಕಿನ ಕೇಬಲ್ ಬಿಗಿತ, ಹಿಂಭಾಗಕ್ಕೆ ಕಾಂಕ್ರೀಟ್ ಒರಗು.

ಟೋಪಿಯಿಂದ ಬಂದ ತೂಕ ಸುಮಾರು 12,000 ಟನ್. ಕೇಬಲ್‌ಗಳು 95, ಒಂದೊಂದೂ 120 ಟನ್ ಎಳೆತಕ್ಕೆ. ಕೇಳಲು ಭರ್ಜರಿ. 366 ಮೀಟರ್‌ಗೆ ಹಂಚಿ: ಟೋಪಿ ಮೀಟರಿಗೆ 33 ಟನ್, ಕೇಬಲ್ 31. ಕೆಳಮುಖದ ಈ 64 ಟನ್ ತೂಕ ಜಾರುವಿಕೆ ತಡೆಯುವುದು ಘರ್ಷಣೆಯ ಮೂಲಕ, ಘರ್ಷಣಾಂಕ 0.7 ಹಿಡಿದರೆ 45 ಟನ್. 136ರಿಂದ 142ಕ್ಕೆ ಹೋದಾಗ ಹೆಚ್ಚಾಗುವ ತಳ್ಳೇ 77 ಟನ್. ಹಾಗಂತ ಅವು ದಂಡವಲ್ಲ. ತಲೆಯಲ್ಲಿ, ನೀರಿನ ಕಡೆಗೆ ಬಿದ್ದ ತೂಕ ಉರುಳುವುದನ್ನು ಚೆನ್ನಾಗಿ ತಡೆಯುತ್ತದೆ, ಹಿಮ್ಮಡಿಯಲ್ಲಿ, ಅಂದರೆ ನೀರಿನ ಕಡೆಯ ಬುಡದಲ್ಲಿ, ಗಾರೆ ಬಿರಿಯದಂತೆ ಒತ್ತಿ ಹಿಡಿಯುತ್ತದೆ. ಆದರೆ ಜಾರುವಿಕೆಗೆ ನಿಜವಾದ ಉತ್ತರ ಮೂರನೆಯದು, ಹಿಂದಿನ ಒರಗು. ಕೇಬಲ್‌ಗೆ ಇನ್ನೊಂದು ರೋಗವಿದೆ. ತೂತಿನಲ್ಲಿ ಇಳಿಸಿ, ಬಿಗಿದು, ಸುತ್ತ ಸಿಮೆಂಟ್ ಹಾಲು ತುಂಬಿಬಿಟ್ಟರೆ ಆಮೇಲೆ ಒಳಗೆ ಎಷ್ಟು ಬಿಗಿತ ಉಳಿದಿದೆ, ಎಷ್ಟು ತುಕ್ಕು ಹಿಡಿದಿದೆ ಎಂದು ನೋಡುವ ದಾರಿ ಇಲ್ಲವೆಂಬಷ್ಟು ಕಡಿಮೆ. ನಲವತ್ತು ವರ್ಷ ಹಳೆಯ ಕೇಬಲ್‌ನ ಪೂರ್ತಿ 120 ಟನ್ ನಂಬಿ ಲೆಕ್ಕ ಹಾಕುವ ಎಂಜಿನಿಯರ್‌ಗೆ ಧೈರ್ಯ ಹೆಚ್ಚು ಅನ್ನಬೇಕು.

ಒರಗಿನ ವಿಷಯ ಹೆಚ್ಚು ಸೂಕ್ಷ್ಮ. ಹಳೆ ಗೋಡೆಯ ಬೆನ್ನಿಗೆ ಬುಡದಲ್ಲಿ ಸುಮಾರು 10 ಮೀಟರ್ ಅಗಲದ ಹೊಸ ಕಾಂಕ್ರೀಟು. ಎರಡೂ ಒಂದೇ ದೇಹವಾಗಿ ನಿಂತರೆ ಕಟ್ಟೆ ತುಂಬ ಗಟ್ಟಿ. ಬೆಸೆಯಲು ಉಕ್ಕಿನ ಕೊಕ್ಕೆ, ಹಲ್ಲು ಕಡಿದ ಜೋಡಣೆ ಬೇಕು. ಆದರೆ ಹೊಸ ಕಾಂಕ್ರೀಟು ಸುರ್ಕಿಗಿಂತ ಎಷ್ಟೋ ಪಟ್ಟು ಬಿರುಸು. ಒಂದೇ ಬಲಕ್ಕೆ ಅದು ಕಡಿಮೆ ಬಾಗುತ್ತದೆ, ಇದು ಹೆಚ್ಚು. ಬೆಸುಗೆ ಬಿಡುವುದು ಆ ಗೆರೆಯಲ್ಲೇ. ಇನ್ನೊಂದು: ಒರಗು ಹಾಕುವಾಗ ಜಲಾಶಯ ಖಾಲಿ ಇರಲಿಲ್ಲ. ಖಾಲಿ ಮಾಡಲು ತೂಬೆಲ್ಲಿ? ಹಳೆ ಗೋಡೆ ಆಗಲೇ ಹೊತ್ತಿದ್ದ ಹೊರೆಯನ್ನು ಅದೇ ಹೊತ್ತುಕೊಂಡಿದೆ. ಹೊಸ ಒರಗು ಹೆಗಲು ಕೊಡುವುದು ಅದು ಗಟ್ಟಿಯಾದ ಮೇಲೆ ಬರುವ ಹೆಚ್ಚುವರಿ ಹೊರೆಗೆ ಮಾತ್ರ. ಖಾಲಿ ಕಟ್ಟೆಯ ಬೆನ್ನಿಗೆ ಒರಗು ಹಾಕಿ ಆಮೇಲೆ ನೀರು ತುಂಬಿಸುವುದಕ್ಕೂ ಇದಕ್ಕೂ ಅಜಗಜಾಂತರ. ಜೊತೆಗೆ, ಮೊದಲು ಬೆನ್ನಿನಿಂದ ಜಿನುಗಿ ಹೊರಹೋಗುತ್ತಿದ್ದ ನೀರಿಗೆ ಈಗ ಅಡ್ಡಗೋಡೆ. ಬಸಿಯುವ ದಾರಿ ಕೊಡದಿದ್ದರೆ ಅದು ಹಳೆ ಗಾರೆಯೊಳಗೇ ಒತ್ತಡ ಕಟ್ಟುತ್ತದೆ. ಅದಕ್ಕೇ ಒರಗಿನಲ್ಲಿ ಎರಡು ಓಣಿ ಬಿಟ್ಟು, ಜಿನುಗನ್ನು ಅಲ್ಲಿ ಹಿಡಿದು ಅಳೆಯುತ್ತಾರೆ. ಆ ಓಣಿಗಳ ಬಸಿಗೊಳವೆಗಳು ಸುಣ್ಣದಿಂದ ಕಟ್ಟಿಕೊಂಡರೆ ಜಿನುಗಿನ ಅಳತೆ ಕಡಿಮೆ ತೋರಿಸುತ್ತದೆ. ಜಿನುಗು ಕಡಿಮೆಯಾಗಿದೆ ಎಂದು ಎಲ್ಲರೂ ಖುಷಿಪಡುತ್ತಾರೆ. ಒತ್ತಡಮಾಪಕದ ಅಂಕಿ ಪಕ್ಕದಲ್ಲಿಟ್ಟು ಓದದ ಜಿನುಗಿನ ಅಂಕಿಗೆ ಅರ್ಥವಿಲ್ಲ.

ಸುಣ್ಣ ಕರಗುವುದರ ಲೆಕ್ಕ ಮನೆಯಲ್ಲೂ ಮಾಡಬಹುದು. ಮಳೆಕಾಡಿನ ನೀರು ಮೆದು, ಸುಣ್ಣಕ್ಕೆ ಹಸಿದಿರುತ್ತದೆ. ಉದಾಹರಣೆಗೆ, ನಿಮಿಷಕ್ಕೆ 100 ಲೀಟರ್ ಜಿನುಗುತ್ತಿದೆ, ಒಳಹೋದ ನೀರಿಗಿಂತ ಹೊರಬಂದ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಸುಣ್ಣ ಹೆಚ್ಚಿದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 5 ಗ್ರಾಂ, ದಿನಕ್ಕೆ 7 ಕಿಲೋ, ವರ್ಷಕ್ಕೆ ಎರಡೂವರೆ ಟನ್. ಇಡೀ ಕಟ್ಟೆಯಿಂದ ಸಮವಾಗಿ ಹೋದರೆ ಚಿಂತೆಯಿಲ್ಲ. ಒಂದೇ ಸಂದಿಯಿಂದ ಹೋದರೆ ಚಿಂತೆ. 1930ರ ದಶಕದಲ್ಲಿ ಒಮ್ಮೆ, 1960ರಲ್ಲಿ ಮತ್ತೊಮ್ಮೆ ಕಟ್ಟೆಗೆ ತೂತು ಕೊರೆದು ಸಿಮೆಂಟ್ ಹಾಲು ತುಂಬಿದ್ದು ಇಂಥ ಪೊಳ್ಳುಗಳಿಗೇ.

ಇನ್ನು ಪ್ರವಾಹ. ಈ ಕಟ್ಟೆಯನ್ನು ಪರಿಶೀಲಿಸಲು ಸುಪ್ರೀಂ ಕೋರ್ಟೇ ನೇಮಿಸಿದ ಆನಂದ್ ಸಮಿತಿ 2012ರಲ್ಲಿ ಕೊಟ್ಟ ವರದಿ ಆಗಬಹುದಾದ ಅತಿ ದೊಡ್ಡ ಪ್ರವಾಹವನ್ನು 2.12 ಲಕ್ಷ ಕ್ಯುಸೆಕ್ ಎಂದು ಹಿಡಿಯಿತು. ಕೇರಳಕ್ಕಾಗಿ ದೆಹಲಿ ಐಐಟಿ ಮಾಡಿದ ಅಧ್ಯಯನ 2.91 ಲಕ್ಷ ಅಂದಿತು. ಕೋಡಿಯ ಸಾಮರ್ಥ್ಯ 1.22 ಲಕ್ಷ. ವ್ಯತ್ಯಾಸವನ್ನು ನುಂಗುವುದು ಜಲಾಶಯದ ಮೇಲ್ಗಡೆಯ ಖಾಲಿ ಜಾಗ. ಗರಿಷ್ಠ ಏರಬಹುದಾದ ಮಟ್ಟ 155 ಅಡಿ. 142ರಿಂದ 155ರವರೆಗೆ ಸುಮಾರು 3.8 ಟಿಎಂಸಿ ಜಾಗ. ಒಳಹರಿವು ಹೊರಹರಿವಿಗಿಂತ 90,000 ಕ್ಯುಸೆಕ್ ಹೆಚ್ಚಿದ್ದರೆ ಗಂಟೆಗೆ 0.32 ಟಿಎಂಸಿ ತುಂಬುತ್ತದೆ. ಹತ್ತು ಹನ್ನೆರಡು ಗಂಟೆ ಸಿಗುತ್ತದೆ. 152ರಲ್ಲಿ ನಿಲ್ಲಿಸಿದ್ದರೆ ಮೂರು ಗಂಟೆಯೂ ಇಲ್ಲ. ಕಟ್ಟೆಯ ಬಲದ ಜಗಳ ಒಂದು ಕಡೆ ಇರಲಿ, ಈ ಗಂಟೆಗಳ ಲೆಕ್ಕವೊಂದೇ ಸಾಕು 152 ಬೇಡವೆನ್ನಲು. ತಮಿಳುನಾಡಿನ ವಾದದಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದು. 2021ರಿಂದ ಹತ್ತು ಹತ್ತು ದಿನಕ್ಕೆ ಇಂತಿಷ್ಟೇ ಮಟ್ಟ ಎಂಬ ಪಟ್ಟಿ ಜಾರಿಯಲ್ಲಿದೆ, 142 ಕೂಡ ವರ್ಷವಿಡೀ ಇಲ್ಲ. ಅದು ಸರಿಯಾದ ಕ್ರಮ.

ಗೇಟುಗಳ ಮಾತು ಬಂದಾಗ ತುಂಗಭದ್ರೆ ನೆನಪಾಗದೆ ಇರದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಕಲ್ಲುಗೋಡೆ ಜಗ್ಗಲಿಲ್ಲ. ಒಂದು ಕೊಂಡಿ ಕೈಕೊಟ್ಟಿತು. ಮುಲ್ಲಪೆರಿಯಾರ್‌ನಲ್ಲಿ 13 ಗೇಟು ಎತ್ತಲು ಕರೆಂಟು ಬೇಕು. ಕಾಡಿನಲ್ಲಿ ಹಾದ ತಂತಿ ತಗುಲಿ ಆನೆಯೊಂದು ಸತ್ತ ಮೇಲೆ 2000ದಲ್ಲಿ ಕಟ್ಟೆಗೆ ಲೈನ್ ಕಡಿದರು. ನೆಲದಡಿ ಕೇಬಲ್ ಎಳೆದು ಮತ್ತೆ ಕರೆಂಟು ಕೊಟ್ಟದ್ದು 2021ರಲ್ಲಿ. ಇಪ್ಪತ್ತು ವರ್ಷ, 2018ರ ಮಹಾಪ್ರವಾಹವೂ ಸೇರಿ, ಡೀಸೆಲ್ ಜನರೇಟರ್ ನಂಬಿಕೊಂಡು ಗೇಟು ಎತ್ತಿದ್ದು. ಭೂಕಂಪದ ಬಗ್ಗೆ ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆಯಾದ ವರ್ಷಗಳವು. ಮುಖ್ಯ ಕಟ್ಟೆಯ ಪಕ್ಕದ ಪುಟ್ಟ ಕಟ್ಟೆಗೆ ಎಲ್ಲರೂ ಬೇಬಿ ಡ್ಯಾಮ್ ಅನ್ನುತ್ತಾರೆ. ಅದನ್ನು ಬಲಪಡಿಸಲು 15 ಮರ ಕಡಿಯಬೇಕಿತ್ತು. 2021ರ ನವೆಂಬರ್‌ನಲ್ಲಿ ಕೇರಳದ ಅರಣ್ಯ ಇಲಾಖೆಯಿಂದ ಅನುಮತಿ ಹೊರಟಿತು, ಗದ್ದಲವಾಯಿತು, ಅನುಮತಿ ವಾಪಸಾಯಿತು. ಕಟ್ಟೆ ಅಪಾಯದಲ್ಲಿದೆ ಎನ್ನುವ ರಾಜ್ಯವೇ ಅದನ್ನು ಗಟ್ಟಿ ಮಾಡಲು ಹದಿನೈದು ಮರಕ್ಕೆ ತಡೆಯೊಡ್ಡಿದ್ದು ಕೇರಳದ ವಾದದ ಅತಿ ದುರ್ಬಲ ಜಾಗ.

ಹಾಗಾದರೆ ಕೆಡವುವುದು ಹೇಗೆ? ಅಮೆರಿಕದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2023–24ರಲ್ಲಿ ತೆಗೆದರು. ಅದರಲ್ಲೊಂದಾದ ಐರನ್ ಗೇಟ್ ಸುಮಾರು 173 ಅಡಿ, ಮುಲ್ಲಪೆರಿಯಾರ್‌ನಷ್ಟೇ ಎತ್ತರ. ಅಲ್ಲಿ ಮೊದಲ ದಿನವೇ ಗೋಡೆಗೆ ಕೈಹಾಕಲಿಲ್ಲ. ಕಟ್ಟುವಾಗ ನದಿ ತಿರುಗಿಸಲು ಮಾಡಿದ್ದ ತಳದ ಸುರಂಗವನ್ನು 2024ರ ಜನವರಿಯಲ್ಲಿ ತೆರೆದು ಜಲಾಶಯ ಇಳಿಸಿದರು. ಮೇಲಿನ ಕಾಪ್ಕೊ 1 ಕಾಂಕ್ರೀಟ್ ಕಟ್ಟೆಯಲ್ಲಿ ಬಳಸಲು ಬರುವ ತಳದ್ವಾರ ಇರಲಿಲ್ಲ. ಬುಡದಲ್ಲಿ ಹೊಸ ಸುರಂಗ ಕೊರೆದು, ಕೊನೆಯ ಪದರವನ್ನು ಸಿಡಿಸಿ ನೀರು ಬಿಟ್ಟರು. ಮೊದಲು ತೂಬು, ಆಮೇಲೆ ಬುಲ್ಡೋಜರ್. ಖಾಲಿಯಾದ ಮೇಲಷ್ಟೇ ಮೇಲಿಂದ ಕೆಳಕ್ಕೆ ಕಳಚಿದ್ದು. ಅದೂ ಆ ಕಟ್ಟೆಗಳು ಕೊಡುತ್ತಿದ್ದದ್ದು ಸ್ವಲ್ಪ ವಿದ್ಯುತ್ತು, ನೀರಾವರಿಯಲ್ಲ. ಕೆಳಗೆ ಕಾಯುತ್ತಿದ್ದದ್ದು ಸಾಲ್ಮನ್ ಮೀನು, ಇಡುಕ್ಕಿಯಂಥ ಇನ್ನೊಂದು ಜಲಾಶಯವಲ್ಲ.

ಕೇರಳದ ಯೋಜನೆ 366 ಮೀಟರ್ ಕೆಳಗೆ ಹೊಸ ಕಟ್ಟೆ ಕಟ್ಟಿ, ಆಮೇಲೆ ಹಳೆಯದನ್ನು ತೆಗೆಯುವುದು. ಕಾಗದದ ಮೇಲೆ ಸರಳ. ಹೊಸ ಅಡಿಪಾಯಕ್ಕೆ ಬಂಡೆ ಸಿಡಿಸಬೇಕು, ಅದೂ ಅಪಾಯಕಾರಿ ಎಂದು ತಾವೇ ಹೇಳುವ, ಖಾಲಿ ಮಾಡಲಾಗದ ಗೋಡೆಯ ಕಾಲಬುಡದಲ್ಲಿ. ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟದಿಂದ ಕೆಆರ್‌ಎಸ್‌ಗೆ ಏನಾದೀತೆಂದು ಮಂಡ್ಯದಲ್ಲಿ ನಡೆದ ಜಗಳ ಬಲ್ಲವರಿಗೆ ಇದು ಎಂಥ ಮಾತೆಂದು ಬಿಡಿಸಿ ಹೇಳಬೇಕಿಲ್ಲ. ಅದು ಕಿಲೋಮೀಟರುಗಳ ದೂರ, ಇದು ಮೀಟರುಗಳದು. ಸಿಡಿತದ ಬದಲು ಗರಗಸ, ಬಂಡೆಸೀಳುಕ ಬಳಸಬಹುದು, ಕಾಲ ಹಿಗ್ಗುತ್ತದೆ. ಅಷ್ಟೂ ವರ್ಷ ಹಳೆ ಕಟ್ಟೆಯೇ ಕೆಲಸಗಾರರ ತಲೆಯ ಮೇಲಿನ ತಡೆಗೋಡೆ. ಹೊಸದು ಎದ್ದ ಮೇಲೆ ನಡುವಿನ 366 ಮೀಟರ್‌ಗೂ ನೀರು ತುಂಬುತ್ತದೆ, ಹಳೆಯದು ಎರಡು ನೀರಿನ ನಡುವೆ ನಿಲ್ಲುತ್ತದೆ. ಅದನ್ನು ಮೇಲ್ಭಾಗ ಕಡಿದು, ಉಳಿದದ್ದನ್ನು ನೀರೊಳಗೆ ಬಿಡುವುದೇ ಹೆಚ್ಚು ಸಂಭವ. ಜಾಗ ಪೆರಿಯಾರ್ ಹುಲಿ ಸಂರಕ್ಷಿತಾರಣ್ಯದೊಳಗಿದೆ ಎಂಬುದು ಬೇರೆ.

ಕೆಳಗಿನವರ ಭಯವನ್ನು ಹಗುರವಾಗಿ ನೋಡುವಂತಿಲ್ಲ. ವಲ್ಲಕಡವು, ವಂಡಿಪೆರಿಯಾರ್, ಉಪ್ಪುತರ, ಅಯ್ಯಪ್ಪನ್‌ಕೋವಿಲ್ ಊರುಗಳು ಕಟ್ಟೆಗೂ ಇಡುಕ್ಕಿ ಜಲಾಶಯಕ್ಕೂ ನಡುವಿನ ಕಣಿವೆಯಲ್ಲಿವೆ. ಇಡುಕ್ಕಿಯ ಸಾಮರ್ಥ್ಯ 70 ಟಿಎಂಸಿ, ಅದು ನೀರು ಹಿಡಿಯುತ್ತದೆ ಎಂದು ಸಮಾಧಾನ ಹೇಳುವವರು ಈ ಊರುಗಳನ್ನು ಮರೆಯುತ್ತಾರೆ. ಇಡುಕ್ಕಿ ತುಂಬಿದ್ದಾಗ ಹಿಡಿಯುವ ಜಾಗವೂ ಇರದು. 2021ರ ಡಿಸೆಂಬರ್‌ನಲ್ಲಿ ರಾತ್ರಿ ಹೊತ್ತು ಗೇಟು ಎತ್ತಿ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿದ್ದೂ ಉಂಟು.

ಘಟ್ಟದ ಆಚೆ ಕಂಬಂ ಕಣಿವೆ. ಭತ್ತ, ದ್ರಾಕ್ಷಿ, ತೆಂಗು. ಅಲ್ಲಿನ ರೈತರಲ್ಲಿ ಮನೆಮಾತು ಇಂದಿಗೂ ಕನ್ನಡವಾಗಿರುವ ಕಾಪ್ಪಿಲಿಯರ್ ಒಕ್ಕಲಿಗರಿದ್ದಾರೆ. ತಲೆಮಾರುಗಳ ಹಿಂದೆ ಇಲ್ಲಿಂದ ಹೋದವರು. ಮಧುರೆ, ದಿಂಡಿಗಲ್, ಶಿವಗಂಗೆ, ರಾಮನಾಥಪುರಕ್ಕೂ ಇದೇ ನೀರು. ಕೇರಳ ನೀರು ಕೊಡುವುದಿಲ್ಲ ಅಂದಿಲ್ಲ. ಆದರೆ ಹೊಸ ಕಟ್ಟೆ ಹೊಸ ಒಪ್ಪಂದ ಬೇಡುತ್ತದೆ. 1886ರ ಅಕ್ಟೋಬರ್ 29ರ 999 ವರ್ಷದ ಗುತ್ತಿಗೆ ಹಳೆ ಕಟ್ಟೆಗೆ ಅಂಟಿಕೊಂಡದ್ದು. ಎಕರೆಗೆ 5 ರೂಪಾಯಿಯಂತೆ 8,000 ಎಕರೆ, 1970ರಲ್ಲಿ ಅದು 30 ರೂಪಾಯಿ ಆಯಿತು. ಅಂಥ ಕಾಗದವನ್ನು ಯಾರು ತಾನೇ ಕೈಬಿಟ್ಟಾರು? 142 ಅಡಿಗೆ ಒಪ್ಪಿದ 2006ರ ಸುಪ್ರೀಂ ಕೋರ್ಟ್ ತೀರ್ಪು, ಅದರ ಬೆನ್ನಿಗೇ ಮಟ್ಟವನ್ನು 136ಕ್ಕೇ ಕಟ್ಟಿಹಾಕಿದ ಕೇರಳದ ಕಾಯ್ದೆ, 2014ರ ಮೇ 7ರಂದು ಆ ಕಾಯ್ದೆ ಬಿದ್ದುಹೋದದ್ದು, ಇದರ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ.

ಆನಂದ್ ಸಮಿತಿಯ ಅದೇ ವರದಿ ಕಟ್ಟೆ ಸುರಕ್ಷಿತ ಎಂದ ಮೇಲೂ ಎರಡು ಬದಲಿ ದಾರಿ ಹೇಳಿತ್ತು. ಒಂದು, ಇಬ್ಬರೂ ಒಪ್ಪಿದರೆ ಹೊಸ ಕಟ್ಟೆ. ಇನ್ನೊಂದು, 50 ಅಡಿ ಮಟ್ಟದಲ್ಲಿ ಹೊಸ ಸುರಂಗ. ಮೊದಲನೆಯದರ ಮೇಲೆ ಹನ್ನೆರಡು ವರ್ಷಕ್ಕೂ ಮೀರಿ ಕಚ್ಚಾಟ. ಎರಡನೆಯದು ವರದಿಯಲ್ಲೇ ಮಲಗಿದೆ. ನನ್ನ ಪ್ರಕಾರ ಮೊದಲು ಆಗಬೇಕಾದದ್ದು ಅದು. 104ರ ಕೆಳಗಿನ ನೀರಿನಲ್ಲಿ ದೊಡ್ಡ ಪಾಲು ವೈಗೈಗೆ ಸಿಗುತ್ತದೆ, ಹಾಗಾಗಿ ಮೇಲಿನ ಮಟ್ಟ ಇಳಿಸಿದರೂ ತಮಿಳುನಾಡಿಗೆ ನಷ್ಟವಾಗದಂತೆ ನೋಡಿಕೊಳ್ಳಬಹುದು. ಬೇಸಿಗೆಯಲ್ಲಿ 50ಕ್ಕೆ ಇಳಿಸಿದರೆ ಗೋಡೆಯ ಮೇಲಿನ ತಳ್ಳು 116 ಟನ್. ಒಂದೂಕಾಲು ಶತಮಾನದಿಂದ ನೀರಿನಡಿ ಇರುವ ಮುಂಭಾಗದ ಕೆಳಪಾಲನ್ನು ಕಣ್ಣಾರೆ ನೋಡಬಹುದು, ಸಂದಿ ತುಂಬಬಹುದು, ಮುಂಭಾಗಕ್ಕೆ ನೀರು ನುಸುಳದ ಹಾಳೆ ಹೊದಿಸಬಹುದು. ಮುಂದೆ ಕೆಡವುವುದೇ ಸರಿ ಅನ್ನಿಸಿದರೆ ಆಗಲೂ ಈ ತೂಬೇ ಬೇಕು.

ಸುಲಭವಲ್ಲ. ತೇಕ್ಕಡಿ ಕಡೆಯ ಕೆರೆಯ ಕೈ ಆಳವಿಲ್ಲ. ಹಳೆ ಸುರಂಗಕ್ಕೇ ಕಾಲುವೆ ಕಡಿದು ನೀರು ತಂದಿದ್ದಾರೆ. 50 ಅಡಿ ಮಟ್ಟ ಬೇಕಾದರೆ ಹೊಸ ಬಾಯಿ ಆಳದ ಕಡೆ ಇನ್ನೂ ಒಳಕ್ಕೆ ಹೋಗಬೇಕು, ಸುರಂಗ ಅಷ್ಟು ಉದ್ದವಾಗುತ್ತದೆ. ಆಚೆ ಬದಿಯಲ್ಲಿ ಅದು ಹಳೆಯದಕ್ಕಿಂತ ಕೆಳಗೆ ಹೊರಬೀಳುವುದರಿಂದ ಲೋಯರ್ ಕ್ಯಾಂಪ್ ವಿದ್ಯುದಾಗಾರಕ್ಕೆ ಈಗಿನ ಕಟ್ಟುಕೊಳದ (ನೀರು ಕೊಳವೆಗೆ ಇಳಿಯುವ ಮುನ್ನ ನಿಲ್ಲುವ ಕೊಳ) ದಾರಿ ಸಿಗದು. ಪ್ರತ್ಯೇಕ ಕೊಳವೆ ಹಾಕಬೇಕು, ಇಲ್ಲವೇ ಆ ನೀರಿನ ವಿದ್ಯುತ್ತು ಬಿಡಬೇಕು. ನೀರೊಳಗಿನ ಬಾಯಿ ತೆರೆಯಲು ಕೊನೆಯ ಬಂಡೆಬಿರಡೆಯನ್ನು ಒಳಗಿನಿಂದ ಸಿಡಿಸಬೇಕು. ಇದು ನಮ್ಮ ದೇಶಕ್ಕೆ ಹೊಸತಲ್ಲ, ಕೊಯ್ನಾದಲ್ಲಿ 1999ರಲ್ಲೂ 2012ರಲ್ಲೂ ಮಾಡಿದ್ದಾರೆ. ಬಿರಡೆಯ ಚೂರು ಬೀಳಲು ಕೆಳಗೆ ಗುಂಡಿ ಬಿಟ್ಟಿರಬೇಕು, ಇಲ್ಲದಿದ್ದರೆ ಗೇಟಿಗೇ ಸಿಕ್ಕಿಕೊಳ್ಳುತ್ತದೆ. ಇಷ್ಟು ವರ್ಷದ ಹೂಳು, ನೀರಲ್ಲಿ ನಿಂತ ಒಣಮರದ ಬೊಡ್ಡೆಗಳು ಬಾಯಿಗೆ ಬರದಂತೆ ಜಾಗ ಆರಿಸಬೇಕು. ತೇಕ್ಕಡಿಯ ಕೆರೆ ಹುಲಿಕಾಡಿನ ಬೇಸಿಗೆಯ ನೀರೂ ಹೌದು, ದೋಣಿವಿಹಾರದ ವ್ಯಾಪಾರವೂ ಹೌದು. ಪ್ರತಿ ವರ್ಷ 50ಕ್ಕೆ ಇಳಿಸಿದರೆ ಕಾಡುಪ್ರಾಣಿ ಎಲ್ಲಿಗೆ ಹೋಗಬೇಕು? ತಪಾಸಣೆಯ ವರ್ಷ ಮಾತ್ರ ಇಳಿಸಿ, ಉಳಿದ ವರ್ಷ ಮೇಲೆಯೇ ನಿಲ್ಲಿಸುವ ನಿಯಮ ಬೇಕಾಗುತ್ತದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ, 2024ರಲ್ಲಿ ಕೇಂದ್ರ ಜಲ ಆಯೋಗ ಈ ಕಟ್ಟೆಯ ಸಮಗ್ರ ಪರಿಶೀಲನೆಗೆ ಒಪ್ಪಿತು. ಅದರ ವರದಿ ಕೈಗೆ ಬಂದಾಗ ಸುರಕ್ಷಿತ, ಅಸುರಕ್ಷಿತ ಎಂಬ ಸಾಲು ಹುಡುಕಬೇಡಿ. 136 ಮತ್ತು 142 ಅಡಿಯಲ್ಲಿ ಅಡಿಪಾಯದ ಒತ್ತಡಮಾಪಕಗಳು ಏನು ತೋರಿಸಿದವು, ಹಳೆ ಗೋಡೆ-ಹೊಸ ಒರಗಿನ ಗಡಿಯಲ್ಲಿ ತೆಗೆದ ತೂತುಗಳಲ್ಲಿ ಬೆಸುಗೆ ಇದೆಯೋ ಸಂದು ಇದೆಯೋ, ಜಿನುಗು ನೀರಿನ ಸುಣ್ಣದ ಅಳತೆ ಹತ್ತು ವರ್ಷದ್ದು ಕೊಟ್ಟಿದ್ದಾರೋ, ಕೇಬಲ್‌ಗಳ ಬಿಗಿತಕ್ಕೆ ಎಷ್ಟು ಅಂಕ ಹಿಡಿದಿದ್ದಾರೆ, ಇಷ್ಟು ನೋಡಿ. ತುರ್ತು ಸಂದರ್ಭದಲ್ಲಿ ಜಲಾಶಯ ಇಳಿಸಲು ಎಷ್ಟು ದಿನ ಎಂಬ ಪ್ರಶ್ನೆಗೆ ಅಲ್ಲಿ ಒಂದು ಪುಟವಾದರೂ ಇರಬೇಕು.